ಗದಿಗೆಪ್ಪನ ಪುಡಿ, ಚನ್ನವ್ವನ ರೊಟ್ಟಿ

ವಿಜಾಪುರದ ಗದಿಗೆಪ್ಪ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಮುಂಬೈಯ ಗೋರೆಗಾಂವ್‌ನ ಒಂದು ಔಷಧದ ಕಾರ್ಖಾನೆ ಸೇರಿದ್ದ. ಹಸಿ ಪಪ್ಪಾಯಿಯ ಹಾಲು ಒಣಗಿಸಿ, ಉಂಡದ್ದನ್ನು ಕರಗಿಸುವ ಅದರ ಕಿಣ್ವದಿಂದ ಅಜೀರ್ಣದ ಪುಡಿ ಮಾಡುವುದು ಅವನ ಕೆಲಸ.

ಇಂಥವನ ಮಗಳು ರಾಚವ್ವನಿಗೇ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಕೈಕಾಲು ಕಡ್ಡಿ, ಸದಾ ಭೇದಿ. ೧೯೫೪ರಲ್ಲಿ, ಪರದೇಶದ ವೈದ್ಯಪತ್ರಿಕೆ ಓದುತ್ತಿದ್ದ ಡಾಕ್ಟರ್ ರಮಾನಾಥರು ಹೇಳಿದರು: "ಗೋಧಿಯ ಜಿಗುಟಿಗೆ ಗ್ಲುಟೆನ್ ಅಂತಾರೆ. ಇವಳ ಕರುಳಿಗೆ ಅದೇ ವೈರಿ."

ಗದಿಗೆಪ್ಪನ ತಲೆ ಓಡಿತು. ಮಾಂಸವನ್ನೇ ಮೆತ್ತಗೆ ಮಾಡುವ ಪಪ್ಪಾಯಿ, ಗೋಧಿಯ ಜಿಗುಟನ್ನು ಬಿಟ್ಟೀತೇ? ಕೆಲಸ ಮುಗಿದ ಮೇಲೂ ಕೂತು ಪುಡಿಯನ್ನು ತಿದ್ದಿದ. ಕಡೆಗೊಮ್ಮೆ ಅದು ಕಣಕದ ಉಂಡೆಯನ್ನು ಅಂಬಲಿಯಂತೆ ನೀರು ಮಾಡಿತು. ಗದಿಗೆಪ್ಪ ಹಿಗ್ಗಿ ಹೀರೇಕಾಯಿಯಾದ.

"ಮೊದಲು ಗೋಧಿ ಪೂರ್ತಿ ಬಿಡಿಸಿ," ಎಂದರು ಡಾಕ್ಟರು. "ಮಗು ಚೇತರಿಸಿಕೊಳ್ಳಲಿ, ಆಮೇಲೆ ಚಪಾತಿಯ ಜೊತೆ ಪುಡಿ ಕೊಟ್ಟು ನೋಡೋಣ."

ಸಾಲುಕೋಣೆಗಳ ಚಾಳಿನಲ್ಲಿದ್ದ ಅವರ ಮನೆಯಲ್ಲಿ ಚಪಾತಿ ನಿಂತಿತು. ಹೆಂಡತಿ ಚನ್ನವ್ವ ದಿನಾ ಜೋಳದ ರೊಟ್ಟಿ ಬಡಿದಳು. ಆದರೂ ಮಗು ಬತ್ತುತ್ತಲೇ ಹೋಯಿತು. ತಪ್ಪು ಗೋಧಿಯದಲ್ಲವಾದರೆ ತನ್ನ ಪುಡಿಯೂ ದಂಡ. ಪುಡಿ ಹಾಳಾಗಲಿ, ಮಗಳೇ ಕೈಬಿಟ್ಟು ಹೋಗುತ್ತಾಳೆಂದು ಗದಿಗೆಪ್ಪನಿಗೆ ಭಯವಾಯಿತು.

ಒಂದು ರವಿವಾರ ಅವನು ಒಲೆಯ ಹತ್ತಿರ ಕೂತಿದ್ದ. ಚನ್ನವ್ವ ಜೋಳದ ಹಿಟ್ಟಿಗೆ ಬೇರೊಂದು ಡಬ್ಬಿಯಿಂದ ಒಂದು ಹಿಡಿ ಹಿಟ್ಟು ಹಾಕಿ ನಾದತೊಡಗಿದಳು.

"ಏನದು?"

"ಗೋಧಿಹಿಟ್ಟು. ಇಲ್ಲಿ ಹಳೀ ಜೋಳಕ್ಕ ಜಿಗಿನ ಇಲ್ರೀ, ಬಡದ್ರ ಬಿರೀತದ. ಚಪಾತಿ ಬಿಡಸು ಅಂದ್ರಿ, ಬಿಡಿಸೇನಲ್ಲ?"

"ಗೋಧೀನ ವಿಷ ಅಂತ ಹೇಳಿದ್ದಿಲ್ಲೇನು!"

"ಒಂದ್ ಹಿಡಿಯಿಂದ ಏನಾಗ್ತದ ಅಂದ್ಕೊಂಡೆ. ಒಡಕ ರೊಟ್ಟಿ ಕಂಡ್ರ ಚಾಳಿನ ಮಂದಿ ಏನಂದಾರು?"

ನಮ್ಮ ಕಡೆಯ ಹೆಂಗಸಿಗೆ ರೊಟ್ಟಿಯ ಅಂಚು ಬಿರಿದರೆ ಮಾನವೇ ಬಿರಿದಂತೆ. ಗದಿಗೆಪ್ಪ ಬೈದ, ಅವಳು ಅತ್ತಳು. ಗೋಧಿಯ ಡಬ್ಬಿ ನೆರೆಮನೆ ಸೇರಿತು. ಅಂದಿನಿಂದ ಮನೆಮಂದಿಗೆಲ್ಲ ಒಡಕು ರೊಟ್ಟಿ. ಮಳೆಗಾಲ ಮುಗಿಯುವಷ್ಟರಲ್ಲಿ ರಾಚವ್ವನ ಕೆನ್ನೆ ತುಂಬಿತು, ಚಾಳಿನ ಮೆಟ್ಟಿಲ ಮೇಲೆ ಅವಳ ಕುಣಿತ ಶುರುವಾಯಿತು.

"ಈಗ ನಿಮ್ಮ ಪುಡಿ ನೋಡೋಣ," ಎಂದರು ಡಾಕ್ಟರು. ಗದಿಗೆಪ್ಪ ಚಪಾತಿಗೆ ಪುಡಿ ಉದುರಿಸಿ ಮಗಳ ಮುಂದಿಟ್ಟ. ಅವಳು ಆಸೆಯಿಂದ ತುತ್ತು ಎತ್ತಿದ್ದೇ ತಡ, ಅವನೇ ಅದನ್ನು ಕಸಿದುಕೊಂಡ.

"ಬ್ಯಾಡವ್ವಾ. ಬಟ್ಟಲದಾಗ ಕರಗಿದ್ದು ಹೊಟ್ಟ್ಯಾಗೂ ಕರಗತದಂತ ನನಗ ಖಾತ್ರಿ ಇಲ್ಲ."

ಪುಡಿಯನ್ನು ಅವನು ಬಿಡಲಿಲ್ಲ, ವರ್ಷಗಟ್ಟಲೆ ತಿದ್ದಿದ. ಮಗಳ ಮೇಲೆ ಮಾತ್ರ ಎಂದೂ ಪರೀಕ್ಷಿಸಲಿಲ್ಲ. ಮೂರೇ ಕಾಲಿನ ಗದಿಗೆಪ್ಪ ಅಲ್ಲೊಂದು ಕಡೆ ಮಾತ್ರ ಸೋತ.

ರಾಚವ್ವ ಚೇತರಿಸಿಕೊಂಡ ವರ್ಷದ ದೀಪಾವಳಿಗೆ ಊರಿಂದ ಅವನ ಅಕ್ಕ ಕಾಶವ್ವ ಬಂದಳು. ತಾಟಿಗೆ ಬಿದ್ದ ಚೂರುಚೂರು ರೊಟ್ಟಿ ನೋಡಿ, ಮುಂಬೈಗೆ ಬಂದು ರೊಟ್ಟಿ ಬಡಿಯುವುದನ್ನೂ ಮರೆತೆಯಾ ಎಂದು ನಕ್ಕಳು.

"ನಗ್ರೀ ಯಕ್ಕಾ," ಎಂದಳು ಚನ್ನವ್ವ, ಇನ್ನೊಂದು ಚೂರು ಬಡಿಸುತ್ತ. "ನಾ ಚಲೋ ರೊಟ್ಟಿ ಬಡಿಯೂವಾಗ ನನ್ನ ಮಗಳು ಸಾಯಾಕ್ಹತ್ತಿದ್ಲು."