ರೊಟ್ಟಿ ಅಳೆದು ಕಲಿಸಿದ ಸಂಖ್ಯಾಶಾಸ್ತ್ರ

ಇವತ್ತು ಬೆಳಿಗ್ಗೆ ರಾಯಬಾಗದಲ್ಲಿ ಸವಿತಾಳ ಮನೆ ಹೊಕ್ಕಾಗ ಒಳಗಿನಿಂದ ಜೋಳದ ರೊಟ್ಟಿ ಬೇಯುವ ವಾಸನೆ ಬಂತು. ಸವಿತಾ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಈಗ ನಾನು ನಿವೃತ್ತನಾದ ಕಾಲೇಜಿನಲ್ಲೇ ಅತಿಥಿ ಉಪನ್ಯಾಸಕಿ. ಈ ವರ್ಷ ಸಂಖ್ಯಾಶಾಸ್ತ್ರಕ್ಕೆ ಯಾರೂ ಹೆಸರು ಕೊಡದಿದ್ದರೆ ವಿಷಯವನ್ನೇ ಮುಚ್ಚುತ್ತಾರೆ, ಅವಳ ಕೆಲಸವೂ ಹೋಗುತ್ತದೆ. ನಿನ್ನೆಗೆ ಗಡುವು ಮುಗಿದಿತ್ತು. ಏನಾಯಿತೆಂದು ಕೇಳಲು ಹೋದವನು ಕೇಳಲಾರದೆ, ಆ ವಾಸನೆ ಹಿಡಿದು ನೆನಪಿನಲ್ಲಿ ಹಿಂದಕ್ಕೆ ಹೋದೆ.

ಸಂಖ್ಯಾಶಾಸ್ತ್ರವನ್ನು ನನ್ನಷ್ಟು ಬೇಗ ಮಕ್ಕಳ ತಲೆಗೆ ಇಳಿಸುವವನು ಅಥಣಿಯಿಂದ ನಿಪ್ಪಾಣಿಯವರೆಗೆ ಇನ್ನೊಬ್ಬನಿರಲಿಲ್ಲ. ನೀವು ನಂಬದಿದ್ದರೆ ಬಿಡಿ, ನನ್ನ ಹೆಂಡತಿಯೂ ನಂಬುವುದಿಲ್ಲ. ಹೊಸ ಮಕ್ಕಳು ವಿಷಯ ಆರಿಸುವ ಮೊದಲು ಪ್ರತಿಯೊಬ್ಬ ಮೇಷ್ಟರೂ ಪಾಠ ಮಾಡಿ ತೋರಿಸುವ ರೂಢಿ ನಮ್ಮಲ್ಲಿ. ಸೂತ್ರ ಬರೆದರೆ ಮಕ್ಕಳು ಕಿಟಕಿ ನೋಡುತ್ತಿದ್ದರು. ಅದಕ್ಕೇ ಒಂದು ವರ್ಷ, "ನಾಳೆ ಮನಿಯಿಂದ ಒಂದೊಂದು ರೊಟ್ಟಿ ತರ್ರಿ, ದಪ್ಪ ಅಳಿಯೂಣು" ಎಂದೆ. ಕೆಲವು ಹಾಳೆಯಂತೆ, ಕೆಲವು ಹಲಗೆಯಂತೆ ಬರುತ್ತವೆ. ಸರಾಸರಿಯಿಂದ ಯಾವುದು ಎಷ್ಟು ದೂರ ಎಂದು ತೋರಿಸಿದರೆ ಮುಗಿಯಿತು ಎಂಬುದು ನನ್ನ ಲೆಕ್ಕ.

ಮೇಷ್ಟರು ರೊಟ್ಟಿ ಅಳೆಯುತ್ತಾರೆಂದು ಕೇಳಿದ ತಾಯಂದಿರು ಸುಮ್ಮನಿರುತ್ತಾರೆಯೇ? ಅಳೆದರೆ ಎಲ್ಲವೂ ಹಾಳೆಯಷ್ಟೇ ತೆಳ್ಳಗೆ. ಇದು ಹೇಗೆಂದು ಐಗಳಿ ಊರಿನ ಹುಡುಗನೊಬ್ಬನನ್ನು ಗದರಿದೆ.

"ನಮ್ಮವ್ವಂದು ದಪ್ಪ ಆಗ್ತೈತ್ರಿ ಸರ. ಮರ್ಯಾದಿ ಹೋಗ್ತೈತಿ ಅಂತ ಬಾಜೂ ಮನಿ ಕಾಕೂನ ಕಡೆ ಮಾಡಿಸ್ಯಾಳ್ರಿ."

"ಲೇ, ನಿಮ್ಮವ್ವ ಇಡೀ ಅಧ್ಯಾಯಾನ ಬುತ್ತಿ ಕಟ್ಟಿ ಕಳಿಸ್ಯಾಳ ನೋಡು."

ಆರಿಸಿ ಕಳಿಸಿದ ಮಾದರಿ ಊರಿನ ನಿಜ ಹೇಳುವುದಿಲ್ಲ ಎಂದು ಆ ದಿನ ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡವರಲ್ಲಿ ಸವಿತಾಳೂ ಇದ್ದಳು.

ಹೋದ ವಾರ ಅವಳಿಗಾಗಿ ಅದೇ ಆಟ ಹೂಡಿದೆ. "ಒಂದ ತಾಸು ಕೊಡು, ಬೆಂಚ್ ಸಾಲಂಗಿಲ್ಲ ಹಂಗ ತುಂಬಸ್ತೀನಿ" ಎಂದು ಮೀಸೆ ತಿರುವಿದ್ದೆ. ಕೋಣೆ ತುಂಬಿತು, ತಾಯಂದಿರು ಮತ್ತೆ ಸಿಕ್ಕಿಬಿದ್ದರು, ಚಪ್ಪಾಳೆಯೂ ಬಿತ್ತು. ಭೋಜ ಊರಿನ ಹುಡುಗಿಯೊಬ್ಬಳು ಹತ್ತಿರ ಬಂದು, "ಭಾರೀ ಮಜಾ ಬಂತ್ರಿ ಸರ, ಎಲ್ಲಾ ತಿಳೀತು" ಎಂದಳು.

"ಮತ್ತ ಹೆಸರು ಕೊಡ್ತಿಯೇನವಾ?"

"ಇದನ್ನ ತಗೊಂಡು ಏನ್ ಮಾಡೂದ್ರಿ? ಕಲಿಸೋ ಮೇಡಂಗೇ ನೌಕ್ರಿ ಗ್ಯಾರಂಟಿ ಇಲ್ಲ."

ತಿಳಿಯದವರಿಗೆ ತಿಳಿಸುವ ಉಪಾಯ ನನ್ನಲ್ಲಿ ನೂರಿವೆ. ತಿಳಿದು ಎದ್ದು ಹೋಗುವವರಿಗೆ ಒಂದೂ ಇಲ್ಲ.

ಸವಿತಾ ಚಹಾ ತಂದಿಟ್ಟಳು. ಕೊನೆಗೂ ಕೇಳಿದೆ.

"ಯಾರೂ ಕೊಟ್ಟಿಲ್ರಿ ಸರ. ಸೋಮವಾರ ಕಾಲೇಜಿನ ಕಪಾಟಿನ ಕೀಲಿ ಕೊಟ್ಟ ಬರ್ತೀನಿ."

"ಹುಚ್ಚ ಹುಡುಗರು. ನನ್ನ ಕಾಲದಾಗ ಆಗಿದ್ರ..."

"ನಿಮ್ಮ ಕಾಲದಾಗ ನಾ ಇದ್ನಲ್ರಿ," ಎಂದಳು, ಕೋಪವಿಲ್ಲದೆ. "ನಮ್ಮಪ್ಪ ನರ್ಸಿಂಗ್ ಮಾಡು ಅಂದಿದ್ದ. ಅವತ್ತ ನೀವು ಅಷ್ಟ ನಗಿಸಿದ್ರಿ, ನಾ ಮನಿಗೆ ಹೋಗಿ ಒಲ್ಲೆ ಅಂದೆ."

ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟೆ. ನಿಮ್ಮ ಪಾಠ ಯಾರಿಗೆ ಹತ್ತಿತು ಎಂದು ಯಾರಾದರೂ ಕೆಣಕಿದರೆ ಇಷ್ಟು ವರ್ಷ ನಾನು ತೋರಿಸುತ್ತಿದ್ದುದು ಸವಿತಾಳನ್ನೇ. ಇನ್ನು ಯಾರೂ ಕೇಳದಿರಲಿ.