ಮೊದಲ ಸಿಡಿಯಿಂದ ಶುರು ಮಾಡಬಾರದು

ನಮ್ಮ ಮನೆಯಲ್ಲಿ ದೇವರ ಕೋಣೆಯ ಗೋಡೆಗೆ ಅಂಟಿಕೊಂಡೇ ಒಂದು ಕಪಾಟಿದೆ. ಅದರ ತುಂಬ ಒಬ್ಬನೇ ಮನುಷ್ಯನ ಸಿಡಿಗಳು. ಅಮೆರಿಕದವನು. ಸ್ಯಾಕ್ಸೋಫೋನ್ ಊದುತ್ತಾನೆ, ಜಾಝ್ ಸಂಗೀತ ಕಟ್ಟುತ್ತಾನೆ, ಅದೂ ಯಾರೂ ಕಟ್ಟದ ರೀತಿಯಲ್ಲಿ. ವರ್ಷಕ್ಕೆ ಮೂರು ನಾಲ್ಕು ಸಿಡಿ ಹೊರಡಿಸುತ್ತಿದ್ದನಂತೆ. ನಮ್ಮವರು ಅವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಈ ಪುಣೆಯಲ್ಲಿ ಕೀರ್ತನೆ ಮಾಡುವವರನ್ನು ಕರೆಯುವ ಹಾಗೆ ‘ನಮ್ಮ ಬುವಾ’ ಎನ್ನುತ್ತಿದ್ದರು.

ನಮ್ಮವರು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ರದ್ದಿ ಅಂಗಡಿಯಿಂದ ಮರದ ಪೆಟ್ಟಿಗೆಯೊಂದನ್ನು ಹೊತ್ತು ತಂದರು. ಕೋರೆಗಾವ್ ಪಾರ್ಕಿನಲ್ಲಿ ಬಾಡಿಗೆಗಿದ್ದ ವಿದೇಶಿಯೊಬ್ಬ ಊರಿಗೆ ಮರಳುವಾಗ ಮಂಚ, ಕುರ್ಚಿಗಳ ಜೊತೆ ಅದನ್ನೂ ಮಾರಿ ಹೋಗಿದ್ದ. ನಮ್ಮವರಿಗೆ ಬೇಕಾಗಿದ್ದದ್ದು ಪೆಟ್ಟಿಗೆ ಮಾತ್ರ. ಒಳಗಿದ್ದ ಬುವಾನ ಸಿಡಿಗಳಲ್ಲಿ ಒಂದನ್ನು ಸುಮ್ಮನೆ ಹಾಕಿ ನೋಡಿದರು. ಅಲ್ಲಿಗೆ ಸಿಕ್ಕಿಬಿದ್ದರು.

ಆಗ ನಮ್ಮದು ಎರಡೇ ಕೋಣೆಯ ಮನೆ. ಒಂದು ಕಡೆ ಅತ್ತೆಯವರ ಜಪ, ಇನ್ನೊಂದು ಕಡೆ ನನ್ನ ದಾಸರ ಪದ. ನಡುವೆ ಅವರ ಬುವಾನಿಗೆ ಜಾಗವೆಲ್ಲಿ? ಹಾಗಾಗಿ ಹೆಡ್‌ಫೋನ್ ಹಾಕಿಕೊಂಡೇ ಕೇಳುತ್ತಿದ್ದರು. ಭಾನುವಾರ ಅವಲಕ್ಕಿ ತಿಂದು ಕಿಟಕಿಯ ಹತ್ತಿರ ಕೂತರೆ ಹೊರಗೆ ಒಂದು ಸದ್ದೂ ಇಲ್ಲ, ಅವರ ಕಾಲಿನ ಹೆಬ್ಬೆರಳು ಮಾತ್ರ ಕುಣಿಯುತ್ತಿತ್ತು. ನಾನು ಅವರೆಕಾಳು ಸುಲಿಯುತ್ತ ಅದನ್ನೇ ನೋಡುತ್ತಿದ್ದೆ. ಯಾವ ತಾಳವೆಂದು ಎಣಿಸಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ನಮ್ಮ ಸಂಸಾರದಲ್ಲಿ ಅಷ್ಟು ತಣ್ಣಗಿನ ಹೊತ್ತು ಬೇರೆ ಇರಲಿಲ್ಲ. ಆ ಭಾನುವಾರಗಳನ್ನು ಕೊಟ್ಟದ್ದಕ್ಕೆ ಈಗಲೂ ದೇವರಿಗೆ ಕೈ ಮುಗಿಯುತ್ತೇನೆ.

ಹೋದ ವರ್ಷ ಅವರ ಕಿವಿ ಮಂದವಾಗತೊಡಗಿತು. ಗುಡಿಯ ದೊಡ್ಡ ಗಂಟೆ ಕೇಳಿಸುತ್ತಿತ್ತು, ಕುಕ್ಕರಿನ ಸೀಟಿ ಕೇಳಿಸುತ್ತಿರಲಿಲ್ಲ. ಇದು ವಾಸಿಯಾಗುವಂಥದ್ದಲ್ಲ, ಮೊದಲು ಮೇಲಿನ ಸ್ವರಗಳು ಹೋಗುತ್ತವೆ, ಆಮೇಲೆ ನಿಧಾನಕ್ಕೆ ಉಳಿದದ್ದೂ ಹೋಗಬಹುದು ಎಂದರು ಡಾಕ್ಟರು. ಕಿವಿಗೆ ಮಷೀನು ಹಾಕಿದರೂ ಮೊದಲಿನಂತಾಗಲಿಲ್ಲ. ಒಂದು ದಿನ ನಮ್ಮವರು ಕಪಾಟಿನ ಬಾಗಿಲು ಹಾಕಿಬಿಟ್ಟರು.

“ಸಾಕಿನ್ನ. ಅರ್ಧಮರ್ಧ ಕೇಳೋದಕ್ಕಿಂತ ನೆನಪಿನ್ಯಾಗ ಇರೋದs ಛಲೋ” ಎಂದರು.

ಇಷ್ಟು ವರ್ಷ ಅವರು ಪಟ್ಟ ಸಂತೋಷ ಎಂಥದ್ದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಿವಿ ಪೂರ್ತಿ ಹೋಗುವ ಮೊದಲು ಒಮ್ಮೆಯಾದರೂ ಅವರ ಜೊತೆ ಕೂತು ಕೇಳಬೇಕು ಎಂದು ನನಗೆ ಎನಿಸಿತು. ಆದರೆ ಏನೂ ತಿಳಿಯದೆ ಪಕ್ಕದಲ್ಲಿ ಕೂತರೆ ಏನು ಬಂತು? ಮೊದಲು ನಾನೊಬ್ಬಳೇ ಕೇಳಿ ರೂಢಿ ಮಾಡಿಕೊಳ್ಳೋಣ ಎಂದುಕೊಂಡೆ.

ನನಗೆ ಗೊತ್ತಿರುವುದು ಪಾರಾಯಣದ ರೀತಿ ಒಂದೇ. ಪೋಥಿ ಹಿಡಿದರೆ ಮೊದಲ ಅಧ್ಯಾಯದಿಂದಲೇ ಓದಬೇಕು, ನಡುವೆ ಏಳಬಾರದು, ಒಂದಕ್ಷರ ಬಿಡಬಾರದು. ಹಾಗೇ ಸ್ನಾನ ಮಾಡಿ, ದೀಪ ಹಚ್ಚಿ, ಇಸವಿ ನೋಡಿ ಎಲ್ಲಕ್ಕಿಂತ ಹಳೆಯ ಸಿಡಿಯನ್ನು ಹಾಕಿ ಚಕ್ಕಳಮಕ್ಕಳ ಕೂತೆ. ಅದರಲ್ಲಿ ಬುವಾ ಒಬ್ಬನೇ ಇದ್ದ. ತಾಳವಿಲ್ಲ, ಶ್ರುತಿಯಿಲ್ಲ, ಜೊತೆಗೆ ಯಾರೂ ಇಲ್ಲ. ಕಿರುಚಿದ, ಕೆಮ್ಮಿದ, ತಗಡು ಕೆರೆದ ಹಾಗೆ ಊದಿದ. ಮೇಲಿನ ಮನೆಯ ಮರಾಠಿ ಬಾಯಿ ಇಳಿದು ಬಂದು, “ವಹಿನಿ, ಮಿಕ್ಸರ್ ಬಿಘಡಲಾ ಕಾ?” ಎಂದು ಕೇಳಿದಳು. ಮಿಕ್ಸರು ಕೆಟ್ಟಿಲ್ಲಮ್ಮ, ಇದು ಸಂಗೀತ ಎಂದು ಹೇಳಿ ಕಳಿಸಿ ಮತ್ತೆ ಕೂತೆ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅಷ್ಟರಲ್ಲಿ ತರಕಾರಿ ತರಲು ಹೋಗಿದ್ದ ನಮ್ಮವರು ಬಂದರು. ಚೀಲ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನಕ್ಕರು.

“ಇದನ್ನ ಯಾಕ ಹಾಕ್ದಿ ಮಾರಾಯ್ತಿ? ನನಗs ಇದು ತಿಳೀಲಿಕ್ಕೆ ವರ್ಷಗಟ್ಟಲೆ ಬೇಕಾತು.”

“ಮೊದಲನೇದು ಮೊದಲ ಕೇಳಬೇಕಲ್ರಿ?”

“ಇದೇನು ಪೋಥಿ ಅಲ್ಲ. ಬುವಾ ಆವಾಗ ಹುಡುಗ, ಭಾಳ ಸಿಟ್ಟಿನ್ಯಾಗಿದ್ದ. ಸಮಾಧಾನ ಆದಮ್ಯಾಲಿಂದು ಮೊದಲ ಕೇಳು. ಆಮ್ಯಾಲೆ ಆ ಸಿಟ್ಟು ಯಾಕಂತ ತಾನs ತಿಳೀತದ.”

ಚೀಲ ಕೆಳಗಿಟ್ಟು ಕಪಾಟು ತೆರೆದರು. ಎಲ್ಲಿ ಮತ್ತೆ ಮುಚ್ಚಿಬಿಡುತ್ತಾರೋ ಎಂದು ನನಗೆ ಭಯ.

ಅವರು ಹಾಕಿದ್ದು ದೊಡ್ಡ ಮೇಳದ್ದು. ಮದುವೆಯ ಮೆರವಣಿಗೆಯ ಬ್ಯಾಂಡಿನ ಹಾಗೆ ಎಲ್ಲರೂ ಸಾಲಾಗಿ ಬಾರಿಸುತ್ತ ಬರುತ್ತಾರೆ. ಚೌಕಕ್ಕೆ ಬಂದದ್ದೇ ತಡ, ಒಬ್ಬೊಬ್ಬ ಒಂದೊಂದು ಗಲ್ಲಿ ಹಿಡಿದು ಓಡುತ್ತಾನೆ. ಇವರ ಗತಿ ಮುಗಿಯಿತು ಎನ್ನುವಷ್ಟರಲ್ಲಿ ಎಲ್ಲರೂ ಎಲ್ಲಿಂದಲೋ ಬಂದು ಮತ್ತೆ ಸಾಲಿಗೆ ನಿಲ್ಲುತ್ತಾರೆ. ನನಗೆ ನಗು ತಡೆಯಲಾಗಲಿಲ್ಲ. ಗಣಪತಿ ಕಳಿಸುವ ದಿನ ಎರಡು ತಂಡಗಳ ಢೋಲು ಒಂದೇ ರಸ್ತೆಯಲ್ಲಿ ಎದುರಾದದ್ದನ್ನು ಕೇಳಿದ ಕಿವಿಗೆ ಇದೇನು ಹೊಸದಲ್ಲ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೇ. ಮೊದಲು ದೊಡ್ಡ ಮೇಳದ್ದನ್ನು ಕೇಳಿ, ಕೆಲಸ ಮಾಡುತ್ತಲೇ ಕೇಳಿ. ಆಮೇಲೆ ಇಬ್ಬರೇ ಇರುವುದು. ಒಬ್ಬನೇ ಊದುವುದನ್ನು ಕಡೆಗಿಡಿ. ನಾನಿನ್ನೂ ಅದಕ್ಕೆ ಮರಳಿ ಹೋಗಿಲ್ಲ.

ಈಗ ನಾವು ದಿನಾ ಮಧ್ಯಾಹ್ನ ಕೇಳುವುದು ಇಬ್ಬರದು. ಒಬ್ಬ ಆಳೆತ್ತರದ ಪಿಟೀಲು ಮೀಟುತ್ತಾನೆ, ಬುವಾ ಇಲ್ಲಿ ಸ್ಯಾಕ್ಸೋಫೋನ್ ಬಿಟ್ಟು ಕೊಳಲು ಹಿಡಿದಿದ್ದಾನೆ. ಪಿಟೀಲಿನ ಮಂದ್ರ ನಮ್ಮವರಿಗೆ ಚೆನ್ನಾಗಿ ಕೇಳಿಸುತ್ತದೆ, ದೇವರು ಅಷ್ಟನ್ನು ಉಳಿಸಿದ್ದಾನೆ. ಕೊಳಲು ಮಾತ್ರ ಮೇಲೆ ಹೋಗುತ್ತ ಹೋಗುತ್ತ ಅವರ ಕಿವಿಯಿಂದ ಆಚೆ ದಾಟಿಬಿಡುತ್ತದೆ. ಆಗ ನನ್ನ ಕಡೆ ತಿರುಗುತ್ತಾರೆ.

“ಎಲ್ಲಿ ಅದಾನ?”

“ಇನ್ನೂ ಮ್ಯಾಲೆ ಅದಾನ್ರಿ. ಅಲ್ಲೇ ಸುತ್ತು ಹೊಡೀಲಿಕ್ಕೆ ಹತ್ಯಾನ.”

ಕಣ್ಣು ಮುಚ್ಚಿ ಕಾಯುತ್ತಾರೆ.

“ಈಗ ತಿರುಗಿದ್ನೋಡ್ರಿ. ಇಳೀಲಿಕ್ಹತ್ತಿದ.”

ಸ್ವಲ್ಪ ಹೊತ್ತು ಅವರಿಗೆ ಪಿಟೀಲೊಂದೇ. ಆಮೇಲೆ ಅವರ ಹುಬ್ಬು ಮೇಲೇರುತ್ತದೆ.

“ಹಾಂ, ಸಿಕ್ಕ.”