ಎರಡು ಮನೆಯ ಬಡಗಿ

ಅಪ್ಪನ ಕಾಲಿನ ಬೆರಳುಗಳು ಒಂದಕ್ಕೊಂದು ಕೂಡಿ ನಿಲ್ಲುತ್ತಿರಲಿಲ್ಲ. ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಇನ್ನೊಂದು ಕಡೆ. ನಡುವೆ ಒಂದು ಹಲಗೆ ಸಲೀಸಾಗಿ ಕೂರುವಷ್ಟು ಜಾಗ. ಎಳವೆಯಿಂದ ಗದ್ದೆಯ ಕೆಸರಿನಲ್ಲಿ ಎತ್ತುಗಳ ಹಿಂದೆ ನಡೆದು ಅಗಲವಾದ ಪಾದ ಅದು. ಕಂಕನಾಡಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು, ಆ ಬೆರಳುಗಳ ನಡುವೆ ಹಲಗೆ ಸಿಕ್ಕಿಸಿಕೊಂಡು ಉಳಿ ಹೊಡೆಯುತ್ತಿದ್ದರು. ಯಾರಾದರೂ "ಕಾಲು ಜಾಗ್ರತೆ" ಎಂದರೆ "ಕಾಲಿಗೆ ಗೊತ್ತುಂಟು ಮಾರಾಯ" ಎನ್ನುತ್ತಿದ್ದರು. ಆಗ ನನಗೆ ನಗು ಬರುತ್ತಿತ್ತು. ಈಗ ಬರೆಯುವಾಗ ನಗುವೂ ಇಲ್ಲ, ಅಳುವೂ ಇಲ್ಲ. ಬರೆಯುತ್ತಿದ್ದೇನೆ, ಅಷ್ಟೇ.

ಅವರು ಹುಟ್ಟಿ ಬೆಳೆದದ್ದು ನೇತ್ರಾವತಿ ಹೊಳೆಯ ಆಚೆ, ಬೇಸಾಯದ ಮನೆಯಲ್ಲಿ. ತಾಯಿ ಬೇಗ ತೀರಿಕೊಂಡರು. ಸಾಕಿದ್ದು ಅಕ್ಕ, ಅವರನ್ನು ನಾವು ಮಾಮಿ ಎನ್ನುತ್ತಿದ್ದೆವು. ಮನೆಯ ಮಾಡು ಸರಿಮಾಡಲು ಬಂದ ಆಚಾರಿಗಳ ಹಿಂದೆ ಸುತ್ತಿ ಸುತ್ತಿ ಅಪ್ಪ ಮರದ ಕೆಲಸ ಕಲಿತರಂತೆ. ಮೊದಲು ನೊಗ, ನೇಗಿಲು. ಆಮೇಲೆ ಬಾಗಿಲು, ಕಿಟಕಿ. ಒಕ್ಕಲುತನದ ಮನೆಯ ಗಂಡು ಉಳಿ ಹಿಡಿದನಲ್ಲ ಎಂದು ಊರೆಲ್ಲ ಆಡಿಕೊಂಡಿತು. ಮಂಗಳೂರಿಗೆ ಬಂದ ಮೇಲೂ "ಗದ್ದೆಯ ಆಚಾರಿ" ಎಂದೇ ಕರೆಯುತ್ತಿದ್ದರು. ಅಪ್ಪನಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ನಮ್ಮದು ಅಳಿಯಕಟ್ಟಿನ ಸಂಸಾರ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಗಂಡಸು ಎಲ್ಲಿ ದುಡಿದರೂ, ಎಲ್ಲಿ ಮಲಗಿದರೂ, ಕೊನೆಗೆ ತನ್ನ ತಾಯಿಯ ಮನೆಯವನೇ. ಆ ಕಾಲದ ಗಂಡಸರು ಹೆಂಡತಿಯ ಮನೆಗೆ ಬಂದು ಹೋಗುತ್ತಿದ್ದರು. ಅಪ್ಪ ಬಂದವರು ಹೋಗಲೇ ಇಲ್ಲ. ಅಮ್ಮನ ಪಾಲಿಗೆ ಬಂದ ಜಾಗದಲ್ಲಿ ಮನೆ ಕಟ್ಟಿ ನಮ್ಮ ಜೊತೆಯೇ ನಿಂತರು. ಊಟಕ್ಕೆ ಕೂತರೆ, ತಟ್ಟೆಗೆ ಕೈ ಹಾಕುವ ಮೊದಲು "ಎಲ್ಲರೂ ಉಂಟಾ?" ಎಂದು ಕೇಳಬೇಕು. ಅಣ್ಣ ಆಟದಿಂದ ಬಂದಿರದಿದ್ದರೆ ಗಂಜಿ ಆರಿ ತಣ್ಣಗಾದರೂ ಸರಿ, ಕಾಯುತ್ತಿದ್ದರು. ಅಮ್ಮ ಬಯ್ಯುತ್ತಿದ್ದರು, ಅವರು ಕಾಯುತ್ತಿದ್ದರು.

ಒಂದು ಮಳೆಗಾಲ ಹೊರಗೆ ಕೆಲಸ ಮಾಡಲಾಗದೆ ಒಳಕೋಣೆಯಲ್ಲೇ ಕೂತು ನಮಗೆಲ್ಲ ಸೇರಿ ಒಂದು ದೊಡ್ಡ ಮಂಚ ಮಾಡಿದರು. ಹಲಸಿನ ಮರದ್ದು, ಮನೆಯವರೆಲ್ಲ ಒಟ್ಟಿಗೆ ಮಲಗುವಂಥದ್ದು. ಮುಗಿದ ಮೇಲೆ ನೋಡಿದರೆ ಅದು ಬಾಗಿಲಲ್ಲಿ ಹಿಡಿಸುವುದಿಲ್ಲ! ಪಕ್ಕದ ಮನೆಯ ಕ್ರಿಸ್ತಿಯನ್ ಪೊರ್ಬು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಂತ ಆಚಾರ್ರೇ, ಮಂಚ ಮಾಡಿ ಆಮೇಲೆ ಸುತ್ತಲೂ ಮನೆ ಕಟ್ಟಿದ್ದಾ?"

"ಅದು ಹೊರಗೆ ಹೋಗುದು ಎಂತಕ್ಕೆ? ಮಲಗುವವರು ಒಳಗೇ ಇದ್ದಾರಲ್ಲ" ಎಂದು ಅಪ್ಪ ಕೀಸುಳಿ ಒರೆಸುತ್ತಾ ಹೇಳಿದರು. ನಾಚಿಕೆಯಾಗಿತ್ತು ಎಂದು ಕಿವಿ ಕೆಂಪಾದದ್ದರಿಂದ ಗೊತ್ತಾಯಿತು.

ಹಾಗೆಂದು ಅಕ್ಕನ ಮನೆಯನ್ನು ಬಿಟ್ಟವರಲ್ಲ. ಮೊದಲ ಮಳೆ ಬಿದ್ದರೆ ಕೆಲಸ ಅರ್ಧದಲ್ಲೇ ನಿಲ್ಲಿಸಿ, ಉಳಿ ಬಾಚಿ ಕಟ್ಟಿಕೊಂಡು ದೋಣಿ ಹತ್ತಿಯೇ ಬಿಡುತ್ತಿದ್ದರು. ಅಲ್ಲಿನ ನೇಗಿಲುಗಳನ್ನೆಲ್ಲ ಸರಿಮಾಡಿ, ತಾವೇ ಉತ್ತು, ನಾಟಿ ಮುಗಿಸಿಯೇ ಹಿಂದೆ ಬರುವುದು. ಬಾಗಿಲು ಮಾಡಿಕೊಡಲು ಹೇಳಿದ್ದವರು ಬಂದು ಅಮ್ಮನ ಹತ್ತಿರ ಕೂಗಾಡಿ ಹೋಗುತ್ತಿದ್ದರು. "ಅಲ್ಲಿ ಹೋದರೆ ನಿಮಗೆ ನಾವು ಇದ್ದೇವೆ ಅಂತಲೇ ನೆನಪಿರುದಿಲ್ಲ" ಎಂದು ಅಮ್ಮ ಸಿಡುಕಿದರೆ, "ಅಲ್ಲಿರುವಾಗ ಇಲ್ಲಿಯದ್ದೇ ನೆನಪು, ಇಲ್ಲಿರುವಾಗ ಅಲ್ಲಿಯದ್ದು. ನಾನೆಂತ ಮಾಡ್ಲಿ?" ಎನ್ನುತ್ತಿದ್ದರು.

ಯುದ್ಧದ ಕಾಲದಲ್ಲಿ, ಅಕ್ಕಿಗೆ ರೇಷನ್ ಬಂದ ಹೊತ್ತಿಗೆ, ಅಪ್ಪ ಹಾಸಿಗೆ ಹಿಡಿದರು. ಮೊದಲು ಉಬ್ಬಸ, ಆಮೇಲೆ ಕಾಲು ಬಾತವು. ಇನ್ನು ಹೆಚ್ಚು ದಿನ ಇಲ್ಲ ಎಂದು ವೈದ್ಯರು ಹೇಳಿದರು. ಈ ಸುದ್ದಿ ಹೊಳೆ ದಾಟಿತು. ಮಾಮಿ ತಮ್ಮ ಮಗನನ್ನು ಕರೆದುಕೊಂಡು, ಎತ್ತಿನಗಾಡಿ ಹೇಳಿಕೊಂಡೇ ಬಂದರು.

"ಕರ್ಕೊಂಡು ಹೋಗ್ಲಿಕ್ಕೆ ಬಂದೆ ಮಾರಾಯ್ತಿ" ಎಂದು ಅಮ್ಮನಿಗೆ ಹೇಳಿದರು. "ಹೆಂಡತಿ ಮನೆಯಲ್ಲಿ ತಮ್ಮ ಸತ್ತ, ಅಕ್ಕ ನೋಡ್ಲಿಲ್ಲ ಅಂತ ಆಗ್ಬಾರ್ದು. ಅವನನ್ನು ನನ್ನ ಕೈಯಲ್ಲಿ ಕೊಟ್ಟು ಹೋದ ಅಮ್ಮನಿಗೆ ನಾನೆಂತ ಹೇಳ್ಲಿ?"

ಮಾಮಿ ಕೆಟ್ಟವರಲ್ಲ. ಕಟ್ಟು ಹಾಗೆಯೇ ಇತ್ತು. ಕಾಯಿಲೆ ಬಿದ್ದ ಗಂಡಸನ್ನು ಅವನ ಮನೆಯವರು ಬಂದು ಕರೆದೊಯ್ಯುವುದು. ಹೆಂಡತಿ ಮಕ್ಕಳು ಜಗಲಿಯವರೆಗೆ ಬಂದು ನಿಲ್ಲುವುದು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮಾಮಿ ಒಳಗೆ ಹೋಗಿ ತಮ್ಮನ ತಲೆಯ ಹತ್ತಿರ ಕೂತರು. "ಹೋಗುವಾ ಮನೆಗೆ?" ಎಂದು ಮೆಲ್ಲ ಕೇಳಿದರು.

ಅಪ್ಪ ನಮ್ಮೆಲ್ಲರ ಮುಖ ನೋಡಿದರು. ಜೀವಮಾನದಲ್ಲಿ ಯಾರಿಗೂ "ಆಗುವುದಿಲ್ಲ" ಎಂದವರಲ್ಲ.

"ಬರ್ತೇನೆ ಅಕ್ಕ. ಆದರೆ ಈಗ ಬೇಡ. ಜೀವ ಇರುವಷ್ಟು ದಿನ ಇವರ ಒಟ್ಟಿಗೆ ಇರ್ತೇನೆ. ಆಮೇಲೆ ಕರ್ಕೊಂಡು ಹೋಗು, ನನ್ನದೇನೂ ತಕರಾರಿಲ್ಲ."

ಮಾಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮತ್ತೆ ಎದ್ದು ಹೊರಗೆ ಬಂದು ಮಗನಿಗೆ ಗಾಡಿಯನ್ನು ಹಿಂದೆ ಕಳುಹಿಸಲು ಹೇಳಿದರು. "ನನಗೊಂದು ಚಾಪೆ ಕೊಡು" ಎಂದು ನನ್ನ ಹತ್ತಿರ ಕೇಳಿದರು. ಅಲ್ಲಿಂದ ಕೊನೆಯವರೆಗೆ ಅವರೂ ಅಮ್ಮನೂ ಅಪ್ಪನ ಎರಡು ಬದಿಗೆ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಉಸಿರು ನಿಂತಿತು. ಮಾತು ಕೊಟ್ಟಾಗಿತ್ತು. ಗಾಡಿ ಬಂತು, ಕಡವಿನಲ್ಲಿ ದೋಣಿ ಕಾದಿತ್ತು. ಅಮ್ಮ ಜಗಲಿಯ ಕಂಬ ಹಿಡಿದುಕೊಂಡು ನಿಂತೇ ಇದ್ದರು. ಅಣ್ಣನೂ ನಾನೂ ಹಿಂದಿನ ದೋಣಿಯಲ್ಲಿ ಹೋದೆವು. ಆಚೆ ಮಾವಿನ ಮರ ಕಡಿದು ಇಟ್ಟಿದ್ದರು. ಬೆಂಕಿ ಕೊಟ್ಟದ್ದು ಮಾಮಿಯ ಮಗ. ಬಂದವರೆಲ್ಲ ಒಂದೊಂದು ಚೂರು ಕಟ್ಟಿಗೆ ಹಾಕುವಾಗ, ಅವರ ಸಾಲಿನಲ್ಲಿ ನಿಂತು ಅಣ್ಣನೂ ಒಂದು ಹಾಕಿದ.

ನಾವು ಮಿಂದು ಹೊರಡುವಾಗ ಮಾಮಿ ಅಂಗಳಕ್ಕೆ ಬಂದರು. "ನಿಮಗೆ ಸೂತಕ ಇಲ್ಲ ಮಕ್ಕಳೇ. ಮನೆಗೆ ಹೋಗಿ ಉಣ್ಣಿ" ಎಂದು ನನ್ನ ತಲೆ ಸವರಲು ಕೈ ಎತ್ತಿದವರು, ಮುಟ್ಟಿದರೆ ಮೈಲಿಗೆ ಎಂಬುದು ನೆನಪಾಗಿ ಕೈ ಹಿಂದೆ ತೆಗೆದರು. ಅಪ್ಪನ ಸಾವು ಅವರ ಮನೆಯದ್ದು. ಮಕ್ಕಳಾದ ನಾವು ಅಮ್ಮನ ಬಳಿಯವರು, ಬೇರೆ ಕುಲದವರು, ಬಂದು ಹೋಗುವ ನೆಂಟರು.

ಮರುದಿನ ಬೆಳಿಗ್ಗೆ ಅಣ್ಣ ಬಲ್ಮಠದ ಆಫೀಸಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದ. ರಜೆ ಕೇಳಲು ಕಾರಣವೇ ಇರಲಿಲ್ಲ. ಅಮ್ಮ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ದಿನವೂ ಬರುವ ಮೀನಿನ ಹೆಂಗಸು ಅಂಗಳದಲ್ಲಿ ನಿಂತಳು, ಬುಟ್ಟಿ ಕೆಳಗಿಳಿಸಲಿಲ್ಲ.

"ನಿನ್ನೆ ಕಡವಿನಲ್ಲಿ ನೋಡಿದೆ ಮಗಾ. ಹೇಳಿ ಹೋಗುವ ಅಂತ ಬಂದೆ, ಇನ್ನು ಸೂತಕ ಕಳೆದ ಮೇಲೆಯೇ ಬರ್ತೇನೆ."

ನಾನು ಪಾತ್ರೆ ಹಿಡಿದುಕೊಂಡೇ ಹೊರಗೆ ಬಂದಿದ್ದೆ. "ನಮಗೆ ಸೂತಕ ಇಲ್ಲ. ಬಂಗುಡೆ ಇದ್ದರೆ ಕೊಡಿ" ಎಂದೆ. ನನ್ನ ಸ್ವರ ನನಗೇ ಬೇರೆ ಯಾರದ್ದೋ ಎನಿಸಿತು.

ಅವಳು ನನ್ನನ್ನು ದಿಟ್ಟಿಸಿ ನೋಡಿದಳು.

"ತೀರಿಕೊಂಡದ್ದು ನಿನ್ನ ಅಪ್ಪ ಅಲ್ವಾ?"

"ಹೌದು."

"ಮತ್ತೆಂತ? ನಿಮ್ಮ ಕಟ್ಟು ನನಗೆ ಗೊತ್ತಿಲ್ಲ. ಈ ಮನೆಗೆ ಈಗ ನಾನು ಮೀನು ಕೊಡುದಿಲ್ಲ" ಎಂದು ತಿರುಗಿ ನಡೆದಳು.

ಖಾಲಿ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ಕುಸಿದು ಕೂತೆ. ಆಗ ಬಂತು ನೋಡಿ ಅಳು. ಅಣ್ಣ ಓಡಿ ಬಂದ, ಒಳಗಿನಿಂದ ಅಮ್ಮ ಎದ್ದು ಬಂದರು, ಮೂವರೂ ಅಲ್ಲೇ ಕೂತೆವು. ಅಣ್ಣ ಆ ದಿನ ಆಫೀಸಿಗೆ ಹೋಗಲಿಲ್ಲ. ಹೊಳೆಯಾಚೆ ಅಪ್ಪನ ಉತ್ತರಕ್ರಿಯೆ ಆಗಿ ಬೊಜ್ಜದ ಊಟ ಮುಗಿಯುವವರೆಗೂ ಅವಳು ನಮ್ಮ ಅಂಗಳಕ್ಕೆ ಕಾಲಿಡಲಿಲ್ಲ, ನಾವೂ ಮೀನು ತಿನ್ನಲಿಲ್ಲ. ನಮ್ಮ ಅಪ್ಪನ ಸೂತಕವನ್ನು ನಮಗೆ ಕೊಟ್ಟವಳು ಅವಳು.